ತಡವಾಗಿ ಕೇಳುವ ಬಯಲು

ಮಾರ್ಚ್ ಹನ್ನೊಂದು, ಮಂಗಳವಾರ. ಆ ದಿನ ನಮ್ಮ ಊರಿನ ಉತ್ತರಕ್ಕಿರುವ ಬಯಲಿನ ವಿಸ್ತೀರ್ಣ ನಾನೂರ ಹನ್ನೆರಡು ಎಕರೆ ಹದಿನೇಳು ಗುಂಟೆ, ಅದರೊಳಗೆ ಮೇಯುತ್ತಿದ್ದ ಕುರಿ ಅರವತ್ತೆರಡು, ಮನುಷ್ಯ ಒಬ್ಬ. ಬಿಸಿಲು ಇಳಿಯುವ ಮೊದಲೇ ಅರವತ್ತೆರಡು ಕುರಿಗಳೂ ತಾವಾಗಿ ಊರಿಗೆ ಬಂದವು. ಮನುಷ್ಯ ಬರಲಿಲ್ಲ.

ಆ ಮನುಷ್ಯ ಫಕೀರಪ್ಪ. ಕುರಿಗಳ ಹಿಂದೆ ಯಾರೂ ಇಲ್ಲದ್ದನ್ನು ಕಂಡು ಅವನ ಹೆಂಡತಿ ದೇವಕ್ಕ ಬಯಲಿಗೆ ಓಡಿದಳು. ಹಳೆಯ ಕಲ್ಲುಗಣಿಯ ಪಕ್ಕದಲ್ಲಿ ಅವನು ಬಿದ್ದಿದ್ದ. ಎಡಗಾಲಿಗೆ ಹಾವು ಕಚ್ಚಿತ್ತು. ಪ್ರಾಣವಿತ್ತು; ತುಟಿಗಳು ಆಡುತ್ತಿದ್ದವು. ಆಕೆಗೆ ಒಂದು ಮಾತೂ ಕೇಳಿಸಲಿಲ್ಲ, ಕೇಳಿಸುವ ಹಾಗೂ ಇರಲಿಲ್ಲ. ಆಕೆ ಅವನ ಕಂಕುಳಿಗೆ ಕೈ ಕೊಟ್ಟು ಗಡಿಗಲ್ಲಿನ ಕಡೆಗೆ ಎಳೆದಳು. ಗಡಿಗಲ್ಲಿನ ಆಚೆ ಊರ ನೆಲ; ಊರ ನೆಲದಲ್ಲಿ ಆಡಿದ ಮಾತು ಆಡಿದ ಕೂಡಲೇ ಕೇಳುತ್ತದೆ. ಕಲ್ಲು ಇನ್ನೂ ಹನ್ನೆರಡು ಅಡಿ ದೂರವಿರುವಾಗ ಆಕೆಯ ಕೈ ಸೋತಿತು. ಅಲ್ಲೇ ಕೂತು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಅಲ್ಲೇ ಅವನು ಸತ್ತ.

ಬಯಲು ಕೇಂದ್ರ ಸರಕಾರದ್ದು. ಕೇಂದ್ರದ ನೆಲದಲ್ಲಿ ಮನುಷ್ಯನ ಧ್ವನಿ ಆಗಲೇ ಕೇಳುವುದಿಲ್ಲ. ಹದಿನೈದು ದಿನ ಬಿಟ್ಟು, ಹೊರಟ ಜಾಗದಲ್ಲೇ, ಹೊರಟ ಹೊತ್ತಿಗೆ ಸರಿಯಾಗಿ ಕೇಳುತ್ತದೆ. ಕುರಿಯ ಕೂಗು, ಗಾಳಿ, ಕಲ್ಲಿಗೆ ಕಲ್ಲು ತಾಗಿದ ಸದ್ದು, ಇವುಗಳಿಗೆ ತಡವಿಲ್ಲ. ಪುರಸಭೆಯ ಅಧ್ಯಕ್ಷ ಅಂದಾನೆಪ್ಪ ಇದಕ್ಕೊಂದು ಕಾರಣ ಹೇಳುತ್ತಾನೆ: “ಕುರಿ ಮಾತು ದೊಡ್ಡ ಆಫೀಸಿಗೆ ಬ್ಯಾಡಾಗೈತಿ. ನಮ್ಮದು ಮಾತ್ರ ಅಲ್ಲಿಗೆ ಹೋಗಿ, ಸಹಿ ಬಿದ್ದು, ತಿರುಗಿ ಬರಬೇಕು.” ನಾನು ಕಾರಣ ಹೇಳುವುದಿಲ್ಲ. ಇರುವುದನ್ನು ಹೇಳುತ್ತೇನೆ.

ನನಗೆ ಹತ್ತೊಂಬತ್ತು ವರ್ಷವಿದ್ದಾಗ, ವಿಮಾನ ಇಳಿಸುವ ಮೈದಾನ ಮಾಡುತ್ತೇವೆಂದು ಕೇಂದ್ರದವರು ಬಯಲನ್ನು ತೆಗೆದುಕೊಂಡರು. ವಿಮಾನ ಇಳಿಯಲಿಲ್ಲ. ಆ ದಿನ ನಾನು ಬಯಲಿನಲ್ಲಿದ್ದೆ. ಅಂದಿನ ಅಧ್ಯಕ್ಷರು “ಕೊಟ್ಟಿದ್ದೇನೆ” ಎಂದರು. ರಾಜಧಾನಿಯಿಂದ ಬಂದ ಅಧಿಕಾರಿ “ತೆಗೆದುಕೊಂಡಿದ್ದೇನೆ” ಎಂದರು. ನೆಲ ಕಾಗದ ಓದುವುದಿಲ್ಲ, ಬಾಯಿಮಾತಿಗೆ ಕಾಯುತ್ತದೆ. ಬಳಿಕ ಅಧ್ಯಕ್ಷರು ಭಾಷಣಕ್ಕೆ ಎದ್ದರು. ಬಾಯಿ ಆಡಿತು, ಕೈ ಆಡಿತು, ಧ್ವನಿ ಹೊರಡಲಿಲ್ಲ. ಬಾಜಾದವರ ತಾಳ ಮಾತ್ರ ಕೇಳುತ್ತಿತ್ತು. ಹದಿನೈದು ದಿನ ಬಿಟ್ಟು ಆ ಭಾಷಣ ಪೂರ್ತಿಯಾಗಿ ಕೇಳಿಬಂತು. ಕೇಳಲು ಎರಡು ಎಮ್ಮೆಗಳಿದ್ದವು.

ಅಲ್ಲಿಂದ ಐವತ್ತೈದು ವರ್ಷ ಕಳೆದಿದೆ, ಜನ ಹೊಂದಿಕೊಂಡಿದ್ದಾರೆ. ಅತ್ತೆಯನ್ನು ಬಯ್ಯಬೇಕಾದ ಸೊಸೆ ಬಯಲಿಗೆ ಹೋಗಿ ಬಯ್ಯುತ್ತಾಳೆ. ಬೈದ ಜಾಗದಲ್ಲಿ ಗುರುತಿಗೆ ಕಲ್ಲಿಟ್ಟು ಬರುತ್ತಾಳೆ. ಹದಿನೈದನೆಯ ದಿನ ಅದೇ ಹೊತ್ತಿಗೆ ಹಿತ್ತಾಳೆಯ ತಾಟು ಹಿಡಿದು ಹೋಗಿ, ತನ್ನ ಧ್ವನಿ ಎದ್ದಾಗ ತಾಟು ಬಾರಿಸಿ ಅದನ್ನು ಮುಚ್ಚುತ್ತಾಳೆ. ‘ಮಾತು ಮುಚ್ಚುವುದು’ ಎಂದು ಅದಕ್ಕೆ ಹೆಸರು. ಸೊಸೆ ತಾಟು ತೊಳೆದು ಬೇರೆ ಇಟ್ಟಳೆಂದರೆ ಅತ್ತೆಯಂದಿರು ಮನಸ್ಸಿನಲ್ಲೇ ದಿನ ಎಣಿಸುತ್ತಾರೆ. ಇಬ್ಬರು ಬಯಲಿನಲ್ಲಿ ಜಗಳವಾಡಿದರೆ ಹಿರಿಯರು “ಹದಿನೈದು ದಿನಕ್ಕ ಬರ್ರಿ” ಎಂದು ಕಳಿಸಿ, ಆ ದಿನ ಎಲೆ ಅಡಿಕೆ ಹಾಕಿಕೊಂಡು ಕೂತು, ಯಾರು ಏನಂದರೆಂದು ಕೇಳಿಯೇ ತೀರ್ಪು ಹೇಳುತ್ತಾರೆ. ನಮ್ಮ ಊರಿನಲ್ಲಿ ಸುಳ್ಳು ಸಾಕ್ಷಿ ಕಡಿಮೆ. ಬಯಲಿನಲ್ಲಿ ಮಾತಾಡಿ ಹದಿನೈದು ದಿನದೊಳಗೆ ತೀರಿಕೊಂಡವರೂ ಇದ್ದಾರೆ. ಅಂಥವರ ಮಾತು ಬರುವ ದಿನ ಮನೆಯವರು ತಾಟು ಒಯ್ಯುವುದಿಲ್ಲ. ಮಿಂದು, ಉಪವಾಸವಿದ್ದು ಹೋಗಿ ನಿಲ್ಲುತ್ತಾರೆ. “ಮಜ್ಜಿಗಿ ಇನ್ನೊಂದೀಟ ಹಾಕು” ಎಂಬ ಮಾತಿಗೆ ನಾಲ್ಕು ಜನ ಕೈ ಮುಗಿದದ್ದನ್ನು ನಾನು ಕಂಡಿದ್ದೇನೆ.

ಹೊಂದಿಕೊಳ್ಳಲು ಆಗದೆ ಹೋದದ್ದು ಒಂದೇ. ಹನ್ನೊಂದು ವರ್ಷದ ಹಿಂದೆ ನೇಕಾರ ಓಣಿಯ ನಾಲ್ಕು ವರ್ಷದ ಹೆಣ್ಣುಮಗು ಬಯಲಿಗೆ ಹೋಗಿ ಕಲ್ಲುಗಣಿಯಲ್ಲಿ ಬಿತ್ತು. ಎರಡು ದಿನ ಹುಡುಕಿದೆವು. ಗಣಿಯ ಅಂಚಿನ ಪಕ್ಕದಲ್ಲೇ ನಾನು ಹಾದುಹೋಗಿದ್ದೆ. ಮೂರನೆಯ ದಿನ ಸಿಕ್ಕಿತು, ಅಷ್ಟರಲ್ಲಿ ಮುಗಿದಿತ್ತು. ಹದಿನೈದು ದಿನ ಬಿಟ್ಟು ಅದರ ಕೂಗು ಎರಡು ದಿನ ಕೇಳಿತು. ತಾಯಿ ಅಂಚಿನಲ್ಲಿ ಕೂತು ಪ್ರತಿಯೊಂದು ಕೂಗಿಗೂ “ಬಂದೆ” ಎಂದು ತುಟಿ ಆಡಿಸಿದಳು. ಆಕೆಯ ಉತ್ತರಗಳು ಮತ್ತೂ ಹದಿನೈದು ದಿನ ಬಿಟ್ಟು ಬಂದವು. ಆ ಎರಡು ದಿನ ಊರಿನಲ್ಲಿ ಯಾರೂ ಬಯಲಿನ ಕಡೆಗೆ ಹೋಗಲಿಲ್ಲ.

ಬಯಲನ್ನು ಊರಿಗೆ ತಿರುಗಿ ಕೊಡಿ ಎಂಬ ಮೊದಲ ಅರ್ಜಿಯನ್ನು ಆ ತಿಂಗಳೇ ನಾನು ಬರೆದೆ. ಮೂವತ್ತೈದು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದವನು ನಾನು. ಊರು ಆ ಕೆಲಸವನ್ನು ನನಗೇ ಬಿಟ್ಟಿತು. ಕೇಂದ್ರದವರು ಕೇಳಿದ್ದು ಒಂದೇ: ಊರಿನ ಅಳತೆಯೂ ತಮ್ಮ ಅಳತೆಯೂ ಗುಂಟೆಗೆ ಗುಂಟೆ ತಾಳೆಯಾಗಬೇಕು. ಹನ್ನೊಂದು ವರ್ಷದಲ್ಲಿ ಏಳು ಸಲ ಸರಪಳಿ ಹಿಡಿದೆವು. ಏಳನೆಯ ಸಲ ತಾಳೆಯಾಯಿತು. ಆದೇಶ ಬಂತು. ಮಾರ್ಚ್ ಮೂವತ್ತೊಂದರೊಳಗೆ ಹಸ್ತಾಂತರವಾಗಬೇಕು. ಆಗದಿದ್ದರೆ ಆದೇಶ ರದ್ದು. ಅಧಿಕಾರಿ ಇಪ್ಪತ್ತೊಂದನೆಯ ತಾರೀಕು ಶುಕ್ರವಾರ ಬರುವರು. ಊರಿನ ಪರವಾಗಿ “ತೆಗೆದುಕೊಂಡಿದ್ದೇನೆ” ಎಂದು ಹೇಳಲು ಪುರಸಭೆ ನನ್ನನ್ನು ನೇಮಿಸಿತು.

ಹಸ್ತಾಂತರವಾದರೆ, ಆಡಿ ಇನ್ನೂ ಬಾರದ ಮಾತುಗಳ ಗತಿ ಏನು? ಇದಕ್ಕೆ ನಮ್ಮಲ್ಲಿ ಒಂದೇ ಉದಾಹರಣೆ ಇತ್ತು. ಮೂರು ವರ್ಷದ ಹಿಂದೆ ರಸ್ತೆಗೆಂದು ಬಯಲಿನ ಪಶ್ಚಿಮದ ಆರು ಗುಂಟೆಯನ್ನು ಕೇಂದ್ರದವರು ಕೊಟ್ಟರು. ಕೊಟ್ಟಿದ್ದೇನೆ, ತೆಗೆದುಕೊಂಡಿದ್ದೇನೆ ಎಂಬ ಮಾತು ಪುರಸಭೆಯ ಕಚೇರಿಯೊಳಗೆ ನಡೆಯಿತು. ಆ ಗಳಿಗೆಯಿಂದಲೇ ಆರು ಗುಂಟೆಯಲ್ಲಿ ಮಾತು ಆಡಿದ ಕೂಡಲೇ ಕೇಳತೊಡಗಿತು. ಅದಕ್ಕೆ ಮುಂಚಿನ ಹದಿನೈದು ದಿನ ಅಲ್ಲಿ ಆಡಿದ್ದು ಒಂದೂ ಬರಲಿಲ್ಲ. ಬಡಿಗೇರ ಓಣಿಯವನೊಬ್ಬ ಅಲ್ಲಿ ನಿಂತು ಮಗಳನ್ನು ಕೊಡುತ್ತೇನೆಂದು ಮಾತು ಕೊಟ್ಟಿದ್ದ. ಅದು ಬರಲಿಲ್ಲವಾದ್ದರಿಂದ ಕೊಟ್ಟೇ ಇಲ್ಲವೆಂದ. ಮದುವೆ ಮುರಿಯಿತು. ಗಂಡಿನ ಕಡೆಯವರು ಹದಿನೆಂಟು ದಿನ ಅಲ್ಲಿ ಕೂತು ಎದ್ದು ಹೋದರು.

ಫಕೀರಪ್ಪನ ಮಾತು ಬರಬೇಕಾದದ್ದು ಇಪ್ಪತ್ತಾರಕ್ಕೆ. ಹಸ್ತಾಂತರ ಇಪ್ಪತ್ತೊಂದಕ್ಕೆ. ವ್ಯತ್ಯಾಸ ಐದು.

ಹತ್ತೊಂಬತ್ತರ ಮಧ್ಯಾಹ್ನ ದೇವಕ್ಕ ನನ್ನ ಮನೆಗೆ ಬಂದಳು. ಕಟ್ಟೆಯ ಮೇಲೆ ಕೂರು ಎಂದೆ. ಕೂರಲಿಲ್ಲ.

“ಮಾಸ್ತರ, ಶುಕ್ರಾರ ತಗೋತೀರಂತ ಬಯಲ.”

“ಹೌದು.”

“ಐದು ದಿನ ತಡದು ತಗೋರಿ.”

“ಅಧಿಕಾರಿ ಒಂದೇ ಸಲ ಬರುವುದು. ಮೂವತ್ತೊಂದಕ್ಕೆ ಆದೇಶ ಮುಗಿಯುತ್ತದೆ.”

“ಹಂಗಾರ ನಮ್ಮಂವ ಸತ್ತ ಜಾಗ ಅಷ್ಟು ಬಿಟ್ಟು ತಗೋರಿ. ಇಷ್ಟು ಎಕರೇದಾಗ ನನಗ ಬೇಕಾದ್ದು ಒಂದು ಆಳು ಎಳದಷ್ಟು ಜಾಗ.”

“ಒಂದು ಗೇಣು ಬಿಟ್ಟರೂ ಲೆಕ್ಕ ತಾಳೆಯಾಗುವುದಿಲ್ಲ. ತಾಳೆಯಾಗದಿದ್ದರೆ ಪೂರ್ತಿ ಹೋಗುತ್ತದೆ. ನೇಕಾರರ ಮಗುವನ್ನು ನೆನೆಸಿಕೋ.”

“ನೆನಸತೇನಿ. ಅದರ ತಾಯಿಗೆ ಕೇಳಾಕ ಎರಡು ದಿನ ಸಿಕ್ಕುವು. ನನಗ ಅದೂ ಇಲ್ಲ.”

ಆಕೆಗೆ ಬೇಕಾಗಿದ್ದುದು ಗಂಡನ ಕೊನೆಯ ಮಾತಷ್ಟೇ ಅಲ್ಲ. ಅವರಿಗೆ ಒಬ್ಬಳೇ ಮಗಳು, ಮಾಳವ್ವ. ಕೊಳವೆಬಾವಿ ಕೊರೆಯಲು ಬಂದ ಗಾಡಿಯ ಡ್ರೈವರನ ಜೊತೆ ಎರಡು ವರ್ಷದ ಹಿಂದೆ ಹೊರಟುಹೋದಳು. ಆಕೆಯ ಹೆಸರು ತಮ್ಮ ಮನೆಯಲ್ಲಿ ಎತ್ತಬಾರದೆಂದು ಫಕೀರಪ್ಪ ಹೇಳಿದ, ತಾನೂ ಎತ್ತಲಿಲ್ಲ. ಆದರೆ ಪ್ರತಿ ಅಮಾವಾಸ್ಯೆ ಒಂದು ಗಂಟಿನಲ್ಲಿ ಜೋಳದ ಹಿಟ್ಟು, ಬೆಣ್ಣೆ ಕಟ್ಟಿಕೊಂಡು ಹೋಗುತ್ತಿದ್ದ. ಮರುದಿನ ಬರಿಗೈಯಲ್ಲಿ ಬರುತ್ತಿದ್ದ.

“ಎಲ್ಲಿ ಹೋಗಿದ್ದಿ ಅಂದ್ರ ಸಂತಿಗೆ ಅಂತಿದ್ದ,” ಎಂದಳು ದೇವಕ್ಕ. “ಅಮಾಸಿ ದಿನ ಯಾವ ಊರಾಗ ಸಂತಿ ಐತ್ರಿ? ಆಕಿ ಎಲ್ಲದಾಳಂತ ಅಂವಗ ಒಬ್ಬಂವಗ ಗೊತ್ತಿತ್ತು. ಸಾಯುವಾಗ ಹೇಳಾಕತ್ತಿದ್ದ. ತುಟಿ ನೋಡಿದ್ನಿ. ನನಗ ಅಕ್ಷರ ಓದಾಕ ಬರೂದಿಲ್ಲ, ತುಟಿ ಎಲ್ಲಿಂದ ಓದಲಿ?”

ನಾನು ಬೆರಳಿನಲ್ಲಿ ಮತ್ತೊಮ್ಮೆ ದಿನ ಎಣಿಸಿದೆ.

“ಲೆಕ್ಕ ನಿಮ್ಮದು, ಮಾಸ್ತರ. ಮಾತು ನಂದು,” ಎಂದು ಹೇಳಿ ಹೋದಳು.

ಆ ದಿನವೂ ಮರುದಿನವೂ ನಾನು ಈ ಲೆಕ್ಕವನ್ನು ಬೇರೆ ಬೇರೆ ಕಡೆಯಿಂದ ಬಿಡಿಸಿ ನೋಡಿದೆ. ದಿನ ಮುಂದಕ್ಕೆ ಹೋಗದು. ವಿಸ್ತೀರ್ಣ ಕಡಿಮೆಯಾಗದು. ಬದಲಿಸಲು ಸಾಧ್ಯವಿದ್ದದ್ದು ಒಂದೇ ಅಂಶ, ಮತ್ತು ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ: ಮಾತನ್ನು ಆಡುವ ಜಾಗ. ಕಚೇರಿಯೊಳಗೆ ಆಡಿದರೆ ಆ ಗಳಿಗೆಯಲ್ಲೇ ನೆಲ ಊರಿನದಾಗುತ್ತದೆ. ಬಯಲಿನೊಳಗೆ ನಿಂತು ಆಡಿದರೆ, ಆಡುವಾಗ ಅದು ಇನ್ನೂ ಕೇಂದ್ರದ ನೆಲ. ಕೊಟ್ಟಿದ್ದೇನೆ ಎಂಬ ಮಾತು ಕೇಳುವುದು ಹದಿನೈದು ದಿನ ಬಿಟ್ಟು. ಕೇಳದ ಮಾತಿಗೆ ನೆಲ ಕೈ ಬದಲಿಸುವುದಿಲ್ಲ. ಇಪ್ಪತ್ತೊಂದಕ್ಕೆ ಹದಿನೈದು ಕೂಡಿಸಿದರೆ ಏಪ್ರಿಲ್ ಐದು. ಅದರೊಳಗೆ ಇಪ್ಪತ್ತಾರು ಬರುತ್ತದೆ.

ಶುಕ್ರವಾರ ಅಧಿಕಾರಿ ಬಂದರು. ಸರ್ವೋತ್ತಮ ರಾವ್ ಎಂದು ಹೆಸರು. ಒಳ್ಳೆಯ ಇಸ್ತ್ರಿ ಮಾಡಿದ ಅಂಗಿ, ಒಳ್ಳೆಯ ಮಾತು. ಕಚೇರಿಯಲ್ಲಿ ಕುರ್ಚಿ ಹಾಕಿ, ಹಾರ ತಂದು, ಚಹಾ ಕಾಯಿಸಿದ್ದರು. ಎರಡು ಕಡೆಯ ಸಹಿಗಳೂ ಆದವು. ಆಡುವ ಮಾತಿಗೆ ಅವರು ಗಂಟಲು ಸರಿಮಾಡಿಕೊಂಡಾಗ ನಾನು ಎದ್ದು ನಿಂತೆ.

“ನೆಲದ ಮೇಲೆ ನಿಂತು ಕೊಡಿ,” ಎಂದೆ. “ಕಾಣದ ನೆಲವನ್ನು ನಾನು ತೆಗೆದುಕೊಳ್ಳುವುದಿಲ್ಲ.”

ಅಧಿಕಾರಿ ಕಿಟಕಿಯ ಆಚೆಯ ಬಿಸಿಲನ್ನು ನೋಡಿದರು. “ಹಿರಿಯರು ಹೇಳುವುದೂ ಸರಿಯೇ,” ಎಂದು ಕೈಗಡಿಯಾರ ನೋಡಿಕೊಂಡು ಎದ್ದರು. ಅವರಿಗೆ ಬಯಲಿನ ಸಂಗತಿ ಗೊತ್ತಿರಲಿಲ್ಲ. ಅಂದಾನೆಪ್ಪನಿಗೆ ಗೊತ್ತಿತ್ತು. ದಾರಿಯಲ್ಲಿ ಅವನು ನನ್ನ ತೋಳು ಹಿಡಿದು ಹಿಂದೆ ನಿಲ್ಲಿಸಿದ.

“ಮಾಸ್ತರ, ತಲಿ ನೆಟ್ಟಗ ಐತಿಲ್ಲೋ? ಅಲ್ಲಿ ಅಂದ್ರ ಏಪ್ರಿಲ್ ಐದಕ್ಕ ಕೇಳತೈತಿ. ಆದೇಶ ಮೂವತ್ತೊಂದಕ್ಕ ಸಾಯತೈತಿ.”

“ಕಾಗದಕ್ಕೆ ಇವತ್ತು ಆಗಿದೆ. ನೆಲಕ್ಕೆ ಹದಿನೈದು ದಿನ ಬಿಟ್ಟು ಆಗುತ್ತದೆ.”

“ನಡುವ ಅವರ ಮನಸ್ಸು ತಿರುಗಿದ್ರ? ಕೇಳದ ಮಾತು ಅಂದಂಗ ಅಲ್ಲ ಅಂತ ಕುಂತ್ರ? ಬಡಿಗೇರಂವ ಕುಂತಿಲ್ಲೇನು? ಹನ್ನೊಂದು ವರ್ಷ ನೀವ ತಿರುಗಿದ್ದು!”

“ಗೊತ್ತು.”

“ಒಬ್ಬಾಕಿ ಸಲುವಾಗಿ ಊರ ಒತ್ತಿ ಇಡತೀರಿ.”

“ಹೌದು,” ಎಂದೆ.

ಅಂದಾನೆಪ್ಪ ನನ್ನ ತೋಳು ಬಿಟ್ಟ. ಅಧಿಕಾರಿಗೆ ಹೇಳಿ ತಡೆಯಬಹುದಿತ್ತು. ತಡೆಯಲಿಲ್ಲ, ನೆಲದ ಮೇಲೆ ಉಗುಳಿ ಮುಂದೆ ನಡೆದ.

ಗಡಿಗಲ್ಲು ದಾಟಿ ಹತ್ತು ಹೆಜ್ಜೆ ಒಳಗೆ ಹೋಗಿ ನಿಂತೆವು. ಸರ್ವೋತ್ತಮ ರಾಯರು ಬಾಯಿ ತೆರೆದರು. ಏನೂ ಹೊರಡಲಿಲ್ಲ. ಮತ್ತೊಮ್ಮೆ ತುಟಿ ಆಡಿಸಿದರು, ಗಂಟಲು ಮುಟ್ಟಿಕೊಂಡರು, ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. ನಾವು ಯಾರೂ ಆಶ್ಚರ್ಯಪಡದೆ ನಿಂತದ್ದು ಅವರನ್ನು ಹೆಚ್ಚು ಹೆದರಿಸಿತೆಂದು ಕಾಣುತ್ತದೆ. ನಾನು ಅವರ ಎದುರು ನಿಂತು ನನ್ನ ಮಾತನ್ನು ಆಡಿದೆ. ನನಗೂ ಅದು ಕೇಳಲಿಲ್ಲ. ದೂರದಲ್ಲಿ ಒಂದು ಕುರಿ ಕೂಗಿತು. ಅದು ಸ್ಪಷ್ಟವಾಗಿ ಕೇಳಿತು.

ಕಲ್ಲು ದಾಟಿ ಹೊರಗೆ ಬಂದ ಕೂಡಲೇ ಅವರು ತಮ್ಮ ಧ್ವನಿಯನ್ನು ಪರೀಕ್ಷಿಸಿಕೊಂಡರು. “ನನಗೇನಾಯಿತು?”

“ಏನೂ ಆಗಿಲ್ರಿ ಸಾಹೇಬ್ರ,” ಎಂದ ಅಂದಾನೆಪ್ಪ. “ನಿಮ್ಮ ಮಾತು ಬರತೈತಿ. ಏಪ್ರಿಲ್ ಐದಕ್ಕ.”

ಅವರು ಚಹಾಕ್ಕೆ ನಿಲ್ಲಲಿಲ್ಲ.

ಇಪ್ಪತ್ತಾರು, ಬುಧವಾರ. ದೇವಕ್ಕ ಬೆಳಿಗ್ಗೆಯೇ ಬಂದು ಬಾಗಿಲಲ್ಲಿ ನಿಂತು, “ನೀವೂ ಬರ್ರಿ. ನನ್ನ ಕಿವಿ ಮ್ಯಾಲ ನನಗ ನಂಬಿಕಿಲ್ಲ,” ಎಂದಿದ್ದಳು. ನಾನು ಮಧ್ಯಾಹ್ನ ಹೋದೆ. ಊರಿನ ಮೂವತ್ತು ಜನ ಬಂದಿದ್ದರು. ಅಂದಾನೆಪ್ಪನೂ ಬಂದು, ನನ್ನಿಂದ ದೂರ ನಿಂತಿದ್ದ. ಗಣಿಯ ಪಕ್ಕದಿಂದ ಗಡಿಗಲ್ಲಿನ ಹತ್ತಿರದ ತನಕ ಎಳೆದ ಗುರುತು ಒಣನೆಲದಲ್ಲಿ ಇನ್ನೂ ಇತ್ತು. ಆಕೆ ಅದರ ಉದ್ದಕ್ಕೂ ಸಣ್ಣ ಕಲ್ಲು ಜೋಡಿಸಿದ್ದಳು.

ಎರಡು ಗಂಟೆಯ ಸುಮಾರಿಗೆ ಅವನ ಧ್ವನಿ ಬಂತು. “ಯಾರರ ಬರ್ರೋ!” ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, “ಯಾರರ ಅದೀರೇನ್ರೋ!” ಬರಿದಾದ ನೆಲದಿಂದ, ಮೊಣಕಾಲಿನ ಎತ್ತರದಿಂದ ಬರುತ್ತಿತ್ತು. ಕೂಗಿದರೆ ಕೇಳುವುದಿಲ್ಲವೆಂದು ಅವನಿಗೆ ಗೊತ್ತಿತ್ತು, ಆದರೂ ಕೂಗಿದ್ದ. ಮೂವತ್ತು ಜನ ಆ ಕೂಗಿನ ಸುತ್ತಲೂ ನಿಂತಿದ್ದೆವು. ಉತ್ತರ ಕೊಡಲು ನಮ್ಮಲ್ಲಿ ಯಾರಿಗೂ ಆ ಹೊತ್ತು ಧ್ವನಿ ಇರಲಿಲ್ಲ. ಒಬ್ಬ ಮುದುಕ ಮಾತ್ರ ಒಂದು ಹೆಜ್ಜೆ ಮುಂದೆ ಹೋಗಿ, ಕೈ ಚಾಚಿ, ಹಿಂದೆ ಎಳೆದುಕೊಂಡ.

ನಾಲ್ಕಕ್ಕೆ ಇನ್ನೊಂದು ಧ್ವನಿ ಎದ್ದಿತು. ಅದು ಹೆಂಗಸಿನದು, ನಿಂತವರ ಎತ್ತರದ್ದು.

ತನ್ನ ಬಾಯಿಂದಲೂ ಆ ದಿನ ಮಾತು ಹೊರಟಿತ್ತೆಂಬುದನ್ನು ದೇವಕ್ಕ ಮರೆತಿದ್ದಳು. ನಾನೂ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಕೇಳದ ನೆಲದಲ್ಲಿ ಮನುಷ್ಯ ತಾನು ಏನು ಕೂಗಿದೆನೆಂದು ನೆನಪಿಟ್ಟುಕೊಳ್ಳುವುದಿಲ್ಲ. ಅದಕ್ಕಾಗಿಯೇ ನಮ್ಮವರು ಕಲ್ಲಿಡುವುದು, ತಾಟು ಒಯ್ಯುವುದು. ಸತ್ತವನ ಮಾತು ಕೇಳಲು ಬಂದವಳು ತಾಟು ತಂದಿರಲಿಲ್ಲ.

“ಎಲ್ಲಿ ಇಟ್ಟೀಯೋ ನನ್ನ ಮಗಳ್ನ? ಹೇಳಿ ಸಾಯಿ! ಎರಡು ವರ್ಷ ಬಾಯಿ ಹೊಲಕೊಂಡು ಕುಂತಿ, ಈಗ ಸಾಯಾಕ ಹೊಂಟೀಯೇನು? ಹೇಳದ ಸತ್ತರ ನಾಯಿ ಎಳದಂಗ ಎಳದು ಒಗೀತೇನಿ ನಿನ್ನ!”

ಜನ ನೆಲ ನೋಡಿದರು. ದೇವಕ್ಕ ತನ್ನ ಧ್ವನಿಯ ಪಕ್ಕದಲ್ಲೇ ನಿಂತಿದ್ದಳು. ಅದು ಹಿಂದೆ ಹಿಂದೆ ಸರಿಯುತ್ತ ಗಡಿಗಲ್ಲಿನ ಕಡೆಗೆ ಹೊರಟಿತು, ಏದುಸಿರು ಬಿಡುತ್ತ, ಬಯ್ಯುತ್ತ. ಆಕೆ ಅದರ ಜೊತೆಗೆ ಹೆಜ್ಜೆ ಹಾಕಿದಳು. ಓಣಿಯ ಹೆಂಗಸೊಬ್ಬಳು ಕನಿಕರದಿಂದ ಸೆರಗಿನ ಮರೆಯ ತಾಟೊಂದನ್ನು ತೆಗೆದಳು. ದೇವಕ್ಕ ಕೈ ಎತ್ತಿ ತಡೆದಳು. ತಾಟು ತನ್ನ ಮಾತನ್ನು ಮುಚ್ಚಿದರೆ ಅವನದನ್ನೂ ಮುಚ್ಚುತ್ತದೆ. ಮೂವತ್ತು ಜನರ ಎದುರು ಆಕೆ ತನ್ನ ಬೈಗುಳವನ್ನು ಪೂರ್ತಿಯಾಗಿ ಬಿಚ್ಚಿಟ್ಟು ನಡೆದಳು.

ಆದರೆ ಆ ಅಬ್ಬರದ ಅಡಿಯಲ್ಲಿ ಅವನ ಧ್ವನಿ ಆಕೆಗೆ ಕೇಳಿಸುತ್ತಿರಲಿಲ್ಲ. ನನ್ನನ್ನು ನೋಡಿ ಕಿವಿ ಮುಟ್ಟಿ, ಕೈ ಅಲ್ಲಾಡಿಸಿದಳು. ಹೆಂಗಸಿನ ಧ್ವನಿ ಮೇಲಿಂದ, ಗಂಡಸಿನದು ಕೆಳಗಿಂದ. ನಾನು ಮೊಣಕಾಲೂರಿದೆ. ಅದೂ ಸಾಲಲಿಲ್ಲ. ಅಂಗೈ ಊರಿ, ಒಂದು ಕಿವಿ ನೆಲದ ಕಡೆಗೆ ಮಾಡಿ, ಇನ್ನೊಂದು ಕಿವಿಯನ್ನು ಬೆರಳಿನಿಂದ ಮುಚ್ಚಿ, ಆ ಗುರುತಿನ ಉದ್ದಕ್ಕೂ ತೆವಳಿದೆ. ನನಗೆ ಎಪ್ಪತ್ತನಾಲ್ಕು ವರ್ಷ. ಅಲ್ಲಿ ನಿಂತಿದ್ದವರಲ್ಲಿ ಅರ್ಧ ಜನ ನನ್ನ ಕೈಯಲ್ಲಿ ಪೆಟ್ಟು ತಿಂದು ಲೆಕ್ಕ ಕಲಿತವರು. ಯಾರೂ ನಗಲಿಲ್ಲ.

ಮುಖದ ಹತ್ತಿರ, ಒಂದು ಗೇಣು ಅಂತರದಲ್ಲಿ, ಅವನು ಮಾತಾಡುತ್ತಿದ್ದ. ಉಸಿರಿಲ್ಲ, ಧ್ವನಿ ಮಾತ್ರ. “ಎಳೀಬ್ಯಾಡ. ಮಾತು ಚೆಲ್ಲತಾವ. ಒಂದ ಕಡೆ ಕುಂಡ್ರಸು, ಹೇಳತೇನಿ.” ಮೇಲಿನ ಧ್ವನಿ ನಿಲ್ಲಲಿಲ್ಲ, ಎಳೆಯುವುದೂ ನಿಲ್ಲಲಿಲ್ಲ. ನಾನು ತೆವಳಿದೆ. “ನಡುವಿನಕೊಪ್ಪ. ಸುಣ್ಣದ ಭಟ್ಟಿ ಹಿಂದ, ಮೂರನೇ ಮನಿ.” ಇನ್ನಷ್ಟು ದೂರ ಏನೂ ಇಲ್ಲ, ನರಳಿಕೆಯಷ್ಟೇ. ಬಳಿಕ: “ನಾ ಇರೂತನಕ ಈ ಊರಿಗೆ ಕಾಲಿಡೂದಿಲ್ಲಂತ ಆಣಿ ಮಾಡ್ಯಾಳ. ಹಿಟ್ಟು ತಗೋತಿದ್ಲು, ಮಾತಾಡ್ತಿರಲಿಲ್ಲ. ಇನ್ನ ಬರತಾಳ. ಹೋಗಿ ಕರಕೊಂಡು ಬಾ. ನಾ ಹೋದೆ ಅಂತ ಹೇಳು. ಮತ್ತ ಆಕಿಗೆ ಹೇಳು…”

ಅಲ್ಲಿಗೆ ಕೊನೆಯ ಕಲ್ಲು. ದೇವಕ್ಕ ಕೂತು ಅವನ ತಲೆಯನ್ನು ತೊಡೆಗೆ ಹಾಕಿಕೊಂಡ ಜಾಗ. ಅಲ್ಲಿ ಆಕೆಯ ಬಾಯಿ ಅವನ ಬಾಯಿಗೆ ಹತ್ತಿರವಾಗಿತ್ತು. ಇನ್ನು ಮೇಲು ಕೆಳಗು ಎಂಬುದಿಲ್ಲ. ಬೈಗುಳ ಅಳುವಾಗಿ ತಿರುಗಿತು, ಎರಡು ಧ್ವನಿಗಳೂ ಒಂದೇ ಬಿಂದುವಿನಿಂದ ಬಂದವು, ಮತ್ತು ಅಳು ದೊಡ್ಡದಾಗಿತ್ತು. ನಾನು ನೆಲಕ್ಕೆ ಕೆನ್ನೆ ಹಚ್ಚಿದೆ. ತಲೆ ತಿರುಗಿಸಿ ಇನ್ನೊಂದು ಕಿವಿ ಕೊಟ್ಟೆ. ಅಳುವಿನ ಹಿಂದೆ ಅವನು ಮಾತಾಡುತ್ತಿದ್ದನೆಂಬುದು ತಿಳಿಯುತ್ತಿತ್ತು, ಏನೆಂಬುದು ತಿಳಿಯಲಿಲ್ಲ. ಹದಿಮೂರರ ಮಗ್ಗಿಯನ್ನು ಮೊದಲಿಂದ ಕೊನೆಯ ತನಕ ಒಮ್ಮೆ ಹೇಳುವಷ್ಟು ಹೊತ್ತು ಅದು ನಡೆಯಿತು. ಆಮೇಲೆ ಅಳು ಒಂದೇ ಉಳಿಯಿತು.

ಅಂದಾನೆಪ್ಪ ಬಂದು ನನ್ನನ್ನು ಎತ್ತಿ ನಿಲ್ಲಿಸಿ, ಧೋತರದ ಮಣ್ಣು ಕೊಡವಿದ. ದೇವಕ್ಕನನ್ನು ಗಡಿಗಲ್ಲಿನ ಆಚೆಗೆ ಕರೆದುಕೊಂಡು ಹೋಗಿ, ಮಾತು ಕೇಳುವ ನೆಲದಲ್ಲಿ ನಿಲ್ಲಿಸಿ, ಅವನು ಆಡಿದ್ದನ್ನು ಆಡಿದ ಕ್ರಮದಲ್ಲೇ ಹೇಳಿದೆ. ಎಳೀಬ್ಯಾಡ ಎಂದದ್ದನ್ನೂ ಬಿಡಲಿಲ್ಲ.

ಆಕೆ ತಿರುಗಿ ತಾನು ಜೋಡಿಸಿದ ಕಲ್ಲುಗಳನ್ನು ನೋಡಿದಳು. “ಕುಂಡ್ರಸು ಅಂದನೇನು?” ಎಂದಳು.

“ಅಂದ.”

“ನಡುವಿನಕೊಪ್ಪ ಎಷ್ಟು ದೂರರಿ?”

“ಬಸ್ಸಿಗೆ ಅರ್ಧ ದಿನ.”

ಮರುದಿನ ಬೆಳಗಿನ ಬಸ್ಸಿಗೆ ಹೋದಳು.

ಏಪ್ರಿಲ್ ಐದರಂದು ಇಡೀ ಊರು ಬಯಲಿನಲ್ಲಿತ್ತು. ಆದೇಶದ ಗಡುವು ಮುಗಿದು ಐದು ದಿನವಾಗಿತ್ತು. ಆ ಐದು ದಿನ ಅಂಚೆಯವನು ಕಚೇರಿಯ ಕಡೆ ತಿರುಗಿದರೆ ಅಂದಾನೆಪ್ಪ ಕಂಬ ಹಿಡಿದುಕೊಳ್ಳುತ್ತಿದ್ದ. ರಾಜಧಾನಿಯಿಂದ ಏನೂ ಬರಲಿಲ್ಲ. ಹನ್ನೊಂದೂವರೆಗೆ ಸರ್ವೋತ್ತಮ ರಾಯರ ಧ್ವನಿ, ಅವರಿಲ್ಲದೆ, “ಕೇಂದ್ರ ಸರಕಾರದ ಪರವಾಗಿ ಕೊಟ್ಟಿದ್ದೇನೆ” ಎಂದಿತು. ಸ್ವಲ್ಪ ತಡೆದು, ಹೆದರಿದ ಧ್ವನಿಯಲ್ಲಿ, ಮತ್ತೊಮ್ಮೆ ಅದನ್ನೇ ಹೇಳಿತು. ಬಳಿಕ ನನ್ನ ಧ್ವನಿ ಬಂತು. ನನಗಿಂತ ಹದಿನೈದು ದಿನ ಚಿಕ್ಕವನೊಬ್ಬ ಗಾಳಿಯಲ್ಲಿ ನಿಂತು “ತೆಗೆದುಕೊಂಡಿದ್ದೇನೆ” ಎಂದ. ಅವನಿಗೆ ಇನ್ನೂ ಏನೂ ಗೊತ್ತಿರಲಿಲ್ಲ.

ಆ ಮಾತು ಮುಗಿದ ಗಳಿಗೆಯಲ್ಲಿ ನಮ್ಮೆಲ್ಲರ ಬಾಯಿಯಲ್ಲಿ ನಡೆಯುತ್ತಿದ್ದುದು ಒಮ್ಮೆಗೇ ಕೇಳಿತು. ಯಾರೋ ಕೆಮ್ಮುತ್ತಿದ್ದರು, ಯಾರೋ “ಸರೀರಿ ಅತ್ಲಾಗ” ಎನ್ನುತ್ತಿದ್ದರು, ಒಂದು ಮಗು ಅಳುತ್ತಿತ್ತು. ನೇಕಾರ ಓಣಿಯ ತಾಯಿ, ಹನ್ನೊಂದು ವರ್ಷದಿಂದ ಬಯಲಿಗೆ ಬಾರದವಳು, ಗಣಿಯ ಕಡೆ ತಿರುಗಿ ಒಮ್ಮೆ ಕೂಗಿದಳು. ಕೂಗು ಕೂಡಲೇ ಕೇಳಿತು. ಆಮೇಲೆ ಮಾತಾಡಿದವರು ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡಿದರು. ಕೂಡಲೇ ಕೇಳುತ್ತದೆಂದು ಗೊತ್ತಿದ್ದರೂ ಅಭ್ಯಾಸವಿರಲಿಲ್ಲ.

ಅದಾದ ಹತ್ತು ದಿನಕ್ಕೆ ಮಾಳವ್ವ ಬಂದಳು. ತಾಯಿ ನನ್ನನ್ನು ಬಯಲಿಗೆ ಕರೆಸಿದಳು. ಮಾಳವ್ವ ಆ ಕೊನೆಯ ಕಲ್ಲಿನ ಹತ್ತಿರ ನಿಂತಿದ್ದಳು. ಎತ್ತರದ ಹುಡುಗಿ, ತಂದೆಯ ಹುಬ್ಬು.

“ಅಪ್ಪ ಇಲ್ಲೇನ್ರಿ ಸತ್ತದ್ದು?”

“ಇಲ್ಲೇ.”

“ನನಗೇನಂದ?”

“‘ಮತ್ತ ಆಕಿಗೆ ಹೇಳು’ ಎಂದ.”

“ಏನ ಹೇಳು ಅಂದ?”

“ಕೇಳಲಿಲ್ಲ.”

“ಅಂದಿದ್ದು ಖರೇ ಏನು?”

“ಖರೆ. ಒಂದು ಮಗ್ಗಿ ಹೇಳುವಷ್ಟು ಹೊತ್ತು ಅಂದ.”

ಆಕೆಯ ಹಿಂದೆ ದೇವಕ್ಕ ನಿಂತು ನನಗೆ ಕಣ್ಣಿನಲ್ಲೇ ಸನ್ನೆ ಮಾಡುತ್ತಿದ್ದಳು. ಅದರ ಅರ್ಥ ನನಗೆ ಗೊತ್ತಿತ್ತು. ಅಂದಾನೆಪ್ಪನೂ ಹಿಂದಿನ ದಿನವೇ ಬಂದು, “ಸುಖವಾಗಿರು ಅಂದ ಅಂತ ಹೇಳ್ರಿ ಮಾಸ್ತರ, ನಿಮ್ಮ ಗಂಟೇನ ಹೋಗತೈತಿ? ಸಾಯೂ ತಂದಿ ಮತ್ತೇನ ಅಂದಾನು?” ಎಂದಿದ್ದ. ಬೈದಿರಲೂಬಹುದು. ಕ್ಷಮೆ ಕೇಳಿರಲೂಬಹುದು. ಬೆಣ್ಣೆಯ ಪಾತ್ರೆ ತಿರುಗಿ ಕೊಡು ಎಂದಿರಲೂಬಹುದು.

“ಅಂದಾಜಿಗರ ಹೇಳ್ರಿ,” ಎಂದಳು ಮಾಳವ್ವ.

“ಅಂದಾಜು ಹೇಳುವುದಿಲ್ಲ.”

“ಇನ್ನ ಯಾವಾಗರ ಬರತೈತೇನು ಅದು?”

“ಬರುವುದಿಲ್ಲ. ಬಂದು ಹೋಯಿತು. ಬಂದಾಗ ನೆಲಕ್ಕೆ ಕಿವಿ ಕೊಟ್ಟವನು ನಾನೊಬ್ಬನೇ.”

ಆಕೆ ನನ್ನನ್ನು ನೋಡಿದಳು. “ಹಂಗಾರ ನಿಮ್ಮ ಹತ್ರ ಉಳೀತದು,” ಎಂದಳು.

ಮಾಳವ್ವ ಈಗ ತಾಯಿಯ ಜೊತೆ ಇದ್ದು, ಅದೇ ಬಯಲಿನಲ್ಲಿ ಅರವತ್ತೆರಡು ಕುರಿಗಳನ್ನು ಮೇಯಿಸುತ್ತಾಳೆ. ಆಕೆ ಕುರಿಗಳನ್ನು ಕರೆಯುವುದು ನನ್ನ ಕಟ್ಟೆಯ ತನಕ ಕೇಳುತ್ತದೆ. ದಾರಿಯಲ್ಲಿ ಎದುರಾದರೆ ನಮಸ್ಕಾರ ಮಾಡುವುದಿಲ್ಲ, ಮುಖವನ್ನೂ ತಿರುಗಿಸುವುದಿಲ್ಲ. ಬಾಕಿ ಕೊಡಬೇಕಾದವನನ್ನು ನೋಡುವ ಹಾಗೆ ನೋಡಿ, ದಾರಿ ಬಿಡುತ್ತಾಳೆ. ಆಕೆಯ ಲೆಕ್ಕದಲ್ಲಿ ನನಗೆ ತಪ್ಪು ಕಾಣುವುದಿಲ್ಲ.